ಇಂಡೋನೇಷ್ಯಾದ ಎರಡು ಕಾದಂಬರಿಗಳನ್ನು ನಾನು ಓದಿದ ಬಗೆ

ಇಂಡೋನೇಷ್ಯಾದ ಇಂದಿನ ಕಾದಂಬರಿಗಳಲ್ಲಿ ಹಲವು ಮತ, ಜನಾಂಗಗಳ ಕೂಡುಬಾಳ್ವೆ ಹೇಗೆ ಮೂಡಿದೆ ಎಂಬುದರ ಬಗ್ಗೆ ಪ್ರಬಂಧ ಬರೆಯಲು ಹೊರಟ ನಾನು, ಮೊದಲು ಪಾತ್ರಗಳು ಸೌಹಾರ್ದದ ಮಾತಾಡುವ ಕಡೆಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದೆ. ಎರಡು ತಿಂಗಳ ಬಳಿಕ ಕೈಯಲ್ಲಿ ಉಳಿದದ್ದು ಬರೀ ಸುಭಾಷಿತಗಳ ಪಟ್ಟಿ. ಅದನ್ನು ಬದಿಗಿಟ್ಟು, ಒಟ್ಟಿಗೆ ಬಾಳುವುದಕ್ಕಾಗಿ ಇಲ್ಲಿ ಯಾರು ಏನನ್ನು ಬಿಟ್ಟುಕೊಡುತ್ತಾರೆ ಎಂಬ ಪ್ರಶ್ನೆಯನ್ನು ಹಿಡಿದು ಮತ್ತೆ ಮೊದಲಿನಿಂದ ಓದತೊಡಗಿದೆ.

ಆಂಡ್ರಿಯಾ ಹಿರಾಟಾ ಅವರ ‘ಲಸ್ಕರ್ ಪೆಲಾಂಗಿ’ (2005) ತವರದ ಗಣಿಗಳಿರುವ ಬೆಲಿತುಂಗ್ ದ್ವೀಪದ ಕಥೆ. ಮುಹಮ್ಮದಿಯಾ ಎಂಬ ಇಸ್ಲಾಮಿ ಸಂಸ್ಥೆಯ ಬಡ ಶಾಲೆಯಲ್ಲಿ ಮಲಯ ಮಕ್ಕಳ ಜೊತೆ ಅ ಕಿಯೊಂಗ್ ಎಂಬ ಚೀನೀ ಮೂಲದ ಹುಡುಗನೂ ಕಲಿಯುತ್ತಾನೆ. ಸೀಮೆಸುಣ್ಣ ತರಲು ಹೋದ ನಿರೂಪಕ ಇಕಲ್, ಚೀನೀ ಅಂಗಡಿಯ ಕಿಂಡಿಯಿಂದ ಹೊರಚಾಚಿದ ಹುಡುಗಿಯೊಬ್ಬಳ ಕೈಯ ಉಗುರುಗಳನ್ನು ಕಂಡೇ ಮನಸೋಲುತ್ತಾನೆ. ಸೌಹಾರ್ದದ ಒಂದು ಮಾತೂ ಇಲ್ಲದ ಈ ಪ್ರಸಂಗ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ! ಮುಂದೆ ಅ ಕಿಯೊಂಗ್ ಇಸ್ಲಾಮಿಗೆ ಸೇರಿ ಹೆಸರನ್ನೂ ಬದಲಿಸಿಕೊಳ್ಳುತ್ತಾನೆ. ಕಾದಂಬರಿ ಇದನ್ನು ಅಕ್ಕರೆಯಿಂದಲೇ ಹೇಳುತ್ತದೆ. ಆದರೆ ಚೀನೀ ಆಚರಣೆಗಳು ಬೀದಿಗೆ ಬಾರದಂತೆ ತಡೆದ 1967ರ ಅಧ್ಯಕ್ಷೀಯ ಸೂಚನೆಯು 2000ದಲ್ಲಿ ಆಗಿನ ಅಧ್ಯಕ್ಷ ಅಬ್ದುರಹಮಾನ್ ವಾಹಿದ್ ರದ್ದುಪಡಿಸುವವರೆಗೂ ಜಾರಿಯಲ್ಲಿತ್ತೆಂಬುದನ್ನು ಪಕ್ಕದಲ್ಲಿಟ್ಟು ಓದಿದಾಗ, ಆ ಅಕ್ಕರೆಯನ್ನು ಇದ್ದ ಹಾಗೆಯೇ ಒಪ್ಪಲು ನನ್ನಿಂದಾಗಲಿಲ್ಲ.

ಓಕಿ ಮದಸಾರಿ ಅವರ ‘ಮರಿಯಮ್’ (2012) ಲೊಂಬೊಕ್ ದ್ವೀಪದ ಅಹ್ಮದೀಯರ, ಅಂದರೆ ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಂಡರೂ ಇತರ ಮುಸ್ಲಿಮರಲ್ಲಿ ಹಲವರು ಹಾಗೆ ಒಪ್ಪದ ಪಂಥದವರ ಕಥೆ. ಅಲ್ಲಿ 2006ರಲ್ಲಿ ಮನೆಗಳಿಂದ ಹೊರದೂಡಲ್ಪಟ್ಟ ಅಹ್ಮದೀಯ ಕುಟುಂಬಗಳು ಮತರಾಮ್ ನಗರದ ಟ್ರಾನ್ಸಿಟೋ ಎಂಬ ಕಟ್ಟಡದಲ್ಲಿ ವರ್ಷಗಟ್ಟಲೆ ಆಶ್ರಯ ಪಡೆದದ್ದು ನಡೆದ ಸಂಗತಿ. ಕಾದಂಬರಿಯ ಮರಿಯಮ್ ಬಹುಕಾಲದ ಮೇಲೆ ತವರಿಗೆ ಬಂದರೆ ಅಲ್ಲಿ ಅವಳ ಮನೆಯವರೇ ಇಲ್ಲ.

ಎರಡನ್ನೂ ಇಂಗ್ಲಿಷಿನಲ್ಲಿ ಓದಿ, ಮುಖ್ಯ ಭಾಗಗಳನ್ನು ನಿಘಂಟು ಹಿಡಿದು ಮೂಲದೊಡನೆ ಹೋಲಿಸುವಾಗ ಪರಿಚಿತವೆನಿಸಿದ ಪದಗಳೇ ದಾರಿ ತಪ್ಪಿಸಿದವು. ನಮಗೆ ‘ಆಗಮ’ ಎಂದರೆ ದೇವಾಲಯದ ಶಾಸ್ತ್ರ. ಅಲ್ಲಿ ‘ಅಗಮ’ ಎಂದರೆ ಮತ, ಅದರಲ್ಲೂ ಸರ್ಕಾರ ಮಾನ್ಯ ಮಾಡಿದ ಆರು ಮತಗಳಲ್ಲಿ ಒಂದು. ‘ರುಕುನ್’ ಎಂಬುದಕ್ಕೆ ‘ಸಹಿಷ್ಣುತೆ’ ಎಂದು ಬರೆದಿದ್ದೆ. ನಮ್ಮ ಪದದೊಳಗೆ ಸಹಿಸಿಕೊಳ್ಳುವ ಭಾವ ಕುಳಿತಿದೆ, ಅವರದರಲ್ಲಿ ಹೊಂದಿಕೊಂಡು ಬಾಳುವ ಭಾವವಿದೆ. ಹಾಗಾಗಿ ಬೆಲಿತುಂಗ್‌ನ ಅಧ್ಯಾಯದಲ್ಲಿ ‘ಹೊಂದಿಬಾಳುವಿಕೆ’ ಎಂದು ತಿದ್ದಿದೆ. ಲೊಂಬೊಕ್‌ನ ಅಧ್ಯಾಯದಲ್ಲಿ ಮಾತ್ರ ‘ಸಹಿಷ್ಣುತೆ’ಯನ್ನೇ ಉಳಿಸಿಕೊಂಡೆ, ಏಕೆಂದರೆ ಕಾದಂಬರಿಯ ಕೊನೆಯಲ್ಲಿ ಮರಿಯಮ್ ಅಧಿಕಾರಸ್ಥರಿಗೆ ಬರೆಯುವ ಪತ್ರದಲ್ಲಿ ಕೇಳುವುದು ತಮ್ಮ ಮನೆಗೆ ಮರಳುವ ಅವಕಾಶವನ್ನಷ್ಟೇ.