ಅದೇ ಕಾರು, ಬೇರೆ ವರ್ಷದ ಇಂಜಿನ್: ಕೂರಿಸುವ ಮುಂಚೆ ನೋಡಬೇಕಾದ್ದು

"ಅದೇ ಮಾಡೆಲ್ ಅಲ್ವಾ ಸಾರ್, ಸುಮ್ನೆ ಎತ್ತಿ ಇಟ್ಟರಾಯಿತು" ಅಂತ ಹಳೇ ಇಂಜಿನ್ ಮಾರುವವರು ಹೇಳುತ್ತಾರೆ. ಅದು ಅರ್ಧ ನಿಜ. ಎತ್ತಿ ಇಡೋದು ಅಂಥ ಕಷ್ಟವೇನಲ್ಲ. ಒಂದೇ ಪೀಳಿಗೆಯ ಕಾರಾದರೆ ಬ್ಲಾಕ್ ಸಾಮಾನ್ಯವಾಗಿ ಮೌಂಟಿಂಗ್ ಮೇಲೆ ಕೂರುತ್ತದೆ, ಗೇರ್‌ಬಾಕ್ಸಿಗೂ ಸೇರುತ್ತದೆ. ತಕರಾರು ಶುರುವಾಗುವುದು ಕೀ ತಿರುಗಿಸಿದ ಮೇಲೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ತನಗೆ ಗೊತ್ತಿರುವ ಸಿಗ್ನಲ್‌ಗಾಗಿ ಕಾಯುತ್ತಿರುತ್ತದೆ. ಬಂದಿರುವ ಇಂಜಿನ್ ಬೇರೇನೋ ಕಳಿಸುತ್ತದೆ.

ಹಾಗಾಗಿ ನನ್ನ ಗ್ಯಾರೇಜಿನಲ್ಲಿ ಇರುವುದು ಎರಡೇ ದಾರಿ. ಒಂದು, ಬ್ಲಾಕ್ ಮತ್ತು ಹೆಡ್ ಮಾತ್ರ ಬದಲಿಸಿ, ಮೇಲಿನ ಸೆನ್ಸರ್, ಮ್ಯಾನಿಫೋಲ್ಡ್, ಇಂಜೆಕ್ಟರ್, ವೈರಿಂಗ್ ಎಲ್ಲ ನಿಮ್ಮ ಕಾರಿನದ್ದೇ ಹಾಕೋದು. ಇನ್ನೊಂದು, ಇಂಜಿನ್ ಜೊತೆ ಅದರ ಇಸಿಯು, ವೈರಿಂಗ್, ಇಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ), ಕೀ ಎಲ್ಲವನ್ನೂ ಒಂದೇ ಕಾರಿನಿಂದ ತರೋದು. ಅರ್ಧ ಅದು ಅರ್ಧ ಇದು ಮಾಡಿದ ಗಾಡಿಗಳೇ ಇನ್ನೊಬ್ಬರ ಕೈಯಿಂದ ನನ್ನ ಹತ್ತಿರ ಹಗ್ಗ ಕಟ್ಟಿಕೊಂಡು ಬರುವುದು.

ಮೊದಲು ವರ್ಷ ಮರೆತುಬಿಡಿ

ಕಾಗದದಲ್ಲಿರುವ ವರ್ಷ ನಂಬಬೇಡಿ. ಕಂಪನಿಯವರು ವರ್ಷದ ನಡುವೆಯೂ ಭಾಗ ಬದಲಿಸುತ್ತಾರೆ. ಮಜ್ದಾ ಮಿಯಾಟಾ ಒಳ್ಳೆ ಉದಾಹರಣೆ. ಮೊದಲು ಬಂದ 1.6 ಲೀಟರ್ ಇಂಜಿನ್‌ನಲ್ಲಿ ಕ್ರ್ಯಾಂಕ್‌ನ, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ, ಮೂತಿ ಗಿಡ್ಡ. ಅಲ್ಲಿ ಲೋಹದ ಕೀಲಿ ಕೂರುವ ಕಚ್ಚು ಸವೆದು ಟೈಮಿಂಗ್ ಅಲ್ಲಾಡುತ್ತಿತ್ತು. 1991ರಲ್ಲಿ, ಮಾದರಿ ವರ್ಷದ ನಡುವೆಯೇ, ಉದ್ದ ಮೂತಿಯ ಕ್ರ್ಯಾಂಕ್ ಬಂತು. ಇಂಜಿನ್ ಬಿಚ್ಚದೆ ಗುರುತಿಸಬಹುದು: ಕ್ರ್ಯಾಂಕ್ ಪುಲ್ಲಿಯಲ್ಲಿ 4 ಸೀಳು ಇದ್ದರೆ ಗಿಡ್ಡ ಮೂತಿ, 8 ಇದ್ದರೆ ಉದ್ದ. ಟಾರ್ಚ್ ಹಿಡಿದು ಎಣಿಸಿದರೆ ಮುಗಿಯಿತು. ಅದೇ ಕಾರಿಗೆ 1994ರಲ್ಲಿ 1.8 ಲೀಟರ್ ಬಂತು, 2001ರಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆ ಸೇರಿತು. ಹೊರಗಿನಿಂದ ನೋಡಿದರೆ ಎಲ್ಲವೂ ಅಣ್ಣ ತಮ್ಮಂದಿರೇ.

ಬ್ಲಾಕ್ ಮೇಲೆ ಕೊರೆದಿರುವ ಇಂಜಿನ್ ಕೋಡ್ ಬರೆದುಕೊಳ್ಳಿ. ಆಮೇಲೆ ಎರಡೂ ವರ್ಷದ ಪಾರ್ಟ್ ನಂಬರ್ ಪಕ್ಕಪಕ್ಕ ಇಟ್ಟು ನೋಡಿ: ಹೆಡ್ ಗ್ಯಾಸ್ಕೆಟ್, ಫ್ಲೈವೀಲ್, ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ಥ್ರಾಟಲ್ ಬಾಡಿ, ಇಂಜೆಕ್ಟರ್. ನಂಬರ್ ಒಂದೇ ಆದರೆ ನಿಶ್ಚಿಂತೆ. ಬೇರೆಯಾದರೆ ಯಾಕೆ ಬೇರೆ ಅಂತ ಗೊತ್ತಾಗುವವರೆಗೆ ದುಡ್ಡು ಕೊಡಬೇಡಿ. ಸಾಮಾನು ಮಾರುವ ಕಂಪನಿಗಳ ಕ್ಯಾಟಲಾಗ್‌ನಲ್ಲಿ ಇದೆಲ್ಲ ಸಿಗುತ್ತದೆ. ಒಂದು ಸಂಜೆಯ ಕೆಲಸ.

ಕ್ರ್ಯಾಂಕ್ ಚಕ್ರದ ಹಲ್ಲು

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲಿ. ಕ್ರ್ಯಾಂಕ್ ಜೊತೆ ಹಲ್ಲಿನ ಚಕ್ರವೊಂದು ತಿರುಗುತ್ತದೆ. ಸೆನ್ಸರ್ ಆ ಹಲ್ಲು ಎಣಿಸಿ, ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ ಹೇಳುತ್ತದೆ. ಹಲ್ಲಿನ ಲೆಕ್ಕ ಬದಲಾದರೆ ಸ್ಟಾರ್ಟರ್ ಎಷ್ಟು ತಿರುಗಿಸಿದರೂ ಸ್ಪಾರ್ಕ್ ಬರುವುದಿಲ್ಲ. ಪೆಟ್ರೋಲ್ ಇದೆ, ಕಂಪ್ರೆಷನ್ ಇದೆ, ಗಾಡಿ ಮಾತ್ರ ಸತ್ತ ಹಾಗೆ.

ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ8 ಇಂಜಿನ್‌ಗಳಲ್ಲಿ ಇದು ಪ್ರಸಿದ್ಧ ಕಥೆ. ಹಳೆಯದರಲ್ಲಿ 24ರ ಚಕ್ರ, ಹೊಸದರಲ್ಲಿ 58ರ ಚಕ್ರ. ಸೆನ್ಸರ್ ಬಣ್ಣ ನೋಡಿದರೂ ಅಂದಾಜು ಸಿಗುತ್ತದೆ: ಕಪ್ಪಾಗಿದ್ದರೆ 24, ಬೂದು ಬಣ್ಣವಾದರೆ 58. ಆದರೆ ಯಾರೋ ಸೆನ್ಸರ್ ಬದಲಿಸಿರಬಹುದು, ಬಣ್ಣವೊಂದನ್ನೇ ನಂಬಬೇಡಿ. ಸೆನ್ಸರ್ ಬಿಚ್ಚಿ, ಆ ತೂತಿನಲ್ಲಿ ಇಣುಕುತ್ತಾ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ನಿಧಾನವಾಗಿ ತಿರುಗಿಸಿ. ಹಲ್ಲು ದಟ್ಟವಾಗಿವೆಯೋ ವಿರಳವಾಗಿವೆಯೋ ಕಣ್ಣಿಗೇ ಕಾಣುತ್ತದೆ. ಇದೇ ಇಂಜಿನ್‌ಗಳಲ್ಲಿ ಕ್ಯಾಮ್ ಸೆನ್ಸರ್ ಹಿಂದಿನಿಂದ ಮುಂದಿನ ಟೈಮಿಂಗ್ ಕವರಿಗೆ ಹೋಯಿತು, ನಾಕ್ ಸೆನ್ಸರ್ (ಇಂಜಿನ್ ಬಡಿತ ಕೇಳಿಸಿಕೊಳ್ಳುವುದು) ಬ್ಲಾಕ್ ನಡುವಿನಿಂದ ಪಕ್ಕಕ್ಕೆ ಬಂತು. ವೈರ್ ಉದ್ದ ಮಾಡಬೇಕಾಗುತ್ತದೆ ಅಂತ ಈಗಲೇ ತಿಳಿದುಕೊಳ್ಳಿ.

ಚಕ್ರ ಪುಲ್ಲಿಯ ಹಿಂದೆ ಅಥವಾ ಫ್ಲೈವೀಲ್ ಮೇಲೆ ಇದ್ದರೆ ನಿಮ್ಮ ಹಳೆ ಇಂಜಿನ್‌ನದ್ದನ್ನು ಬಿಚ್ಚಿ ಇದಕ್ಕೆ ಕೂರಿಸಿದರಾಯಿತು. ಎಲ್‌ಎಸ್‌ನಲ್ಲಿ ಅದು ಬ್ಲಾಕ್ ಒಳಗೆ ಕ್ರ್ಯಾಂಕ್‌ಗೇ ಬಿಗಿಯಾಗಿ ಕೂತಿರುತ್ತದೆ, ಕ್ರ್ಯಾಂಕ್ ಹೊರಗೆ ತೆಗೆಯದೆ ಆಗುವುದಿಲ್ಲ. ಸಿಗ್ನಲ್ ಬದಲಿಸುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ. ನನಗೆ ಮಾತ್ರ ಅವು ಇಷ್ಟವಿಲ್ಲ. ನಾಳೆ ಕೆಟ್ಟರೆ ಇನ್ನೊಬ್ಬ ಮೆಕ್ಯಾನಿಕ್‌ಗೆ ಅದು ಅಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ಉಳಿದ ವ್ಯತ್ಯಾಸಗಳು

ಥ್ರಾಟಲ್ ಕೇಬಲ್‌ನದ್ದೋ ಎಲೆಕ್ಟ್ರಾನಿಕ್ಕೋ ನೋಡಿ. ಎಲೆಕ್ಟ್ರಾನಿಕ್ ಆದರೆ ಪೆಡಲ್ ಕೂಡ ಬದಲಾಗಬೇಕು. ಇಂಜೆಕ್ಟರ್‌ಗೆ ಮೀಟರ್ ಹಿಡಿಯಿರಿ: 12ರಿಂದ 16 ಓಮ್ ಬಂದರೆ ಒಂದು ಜಾತಿ, 2ರಿಂದ 4 ಬಂದರೆ ಇನ್ನೊಂದು. ಎರಡನೆಯದನ್ನು ಮೊದಲನೆಯದರ ಇಸಿಯುಗೆ ಕೊಟ್ಟರೆ ಇಸಿಯು ಸುಡಬಹುದು. ಟೆಂಪರೇಚರ್ ಸೆನ್ಸರ್‌ಗಳು ಒಂದೇ ತೂತಿಗೆ ಕೂತರೂ ರೆಸಿಸ್ಟೆನ್ಸ್ ಬೇರೆ ಇರುತ್ತದೆ, ಯಾವಾಗಲೂ ನಿಮ್ಮ ಕಾರಿನದ್ದೇ ಹಾಕಿ. ಇಮೊಬಿಲೈಸರ್ ಇರುವ ಕಾರಿಗೆ ಬೇರೆ ಇಸಿಯು ತಂದರೆ ಅದರ ಕೀ ಮತ್ತು ಕೀಯನ್ನು ಓದುವ ಉಂಗುರ ಬೇಕೇ ಬೇಕು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಇಂಜಿನ್ ನಂಬರ್ ನೋಂದಣಿಯಲ್ಲಿರುವ ಕಡೆ ಬದಲಾವಣೆ ಬರೆಸಬೇಕು. ಹೊಗೆಯ ನಿಯಮ ಬಿಗಿಯಾಗಿರುವ ಕಡೆ ಕಾರಿಗಿಂತ ಹಳೆಯ ವರ್ಷದ ಇಂಜಿನ್ ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ವಿಚಾರಿಸಿ.

ನೆಲದ ಮೇಲಿರುವಾಗಲೇ

ತಂದ ಇಂಜಿನ್‌ಗೆ ಕಂಪ್ರೆಷನ್ ನೋಡಿ. ಸಿಲಿಂಡರ್‌ಗಳ ನಡುವೆ ಹೆಚ್ಚು ವ್ಯತ್ಯಾಸ ಇದ್ದರೆ ವಾಪಸ್ ಕಳಿಸಿ. ಹಿಂದಿನ ಕ್ರ್ಯಾಂಕ್ ಸೀಲ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಕ್ಲಚ್ ರಿಲೀಸ್ ಬೇರಿಂಗ್ ಈಗಲೇ ಹೊಸದು ಹಾಕಿ. ಈಗ ಕೈಗೆ ಸಿಗುವ ಜಾಗ ಆಮೇಲೆ ಸಿಗುವುದಿಲ್ಲ. ಹಳೆ ಇಂಜಿನ್ ಬಿಚ್ಚುವಾಗ ಪ್ರತಿ ಕಪ್ಲರ್‌ಗೂ (ವೈರ್ ಜೋಡಿಸುವ ಪ್ಲಗ್) ಟೇಪ್ ಅಂಟಿಸಿ ಹೆಸರು ಬರೆಯಿರಿ. ನನ್ನ ಜೊತೆ ಕೆಲಸ ಕಲಿಯುವ ಹುಡುಗ ಫೋನಿನಲ್ಲಿ ಫೋಟೋ ತೆಗೆದರೆ ಸಾಕು ಅನ್ನುತ್ತಾನೆ. ಫೋಟೋದಲ್ಲಿ ಹಿಂದಿನ ಕಪ್ಲರ್ ಎಂದೂ ಕಾಣುವುದಿಲ್ಲ.

ಗೇರ್‌ಬಾಕ್ಸ್ ಸೇರಿಸುವಾಗ ಆತುರ ಬೇಡ. ಆಟೋಮ್ಯಾಟಿಕ್ ಆದರೆ ಟಾರ್ಕ್ ಕನ್ವರ್ಟರನ್ನು ಒತ್ತಿ ತಿರುಗಿಸುತ್ತಾ ಹೋಗಿ. ಅದು ಒಂದೊಂದೇ ಮೆಟ್ಟಿಲು ಇಳಿದು ಟಕ್ ಅಂತ ಒಳಗೆ ಕೂರುವುದು ಕೈಗೆ ಗೊತ್ತಾಗಬೇಕು. ಹೌಸಿಂಗ್ ಪೂರ್ತಿ ಮುಟ್ಟಿದ ಮೇಲೂ ಕನ್ವರ್ಟರ್ ಸಲೀಸಾಗಿ ತಿರುಗಬೇಕು. ತಿರುಗದಿದ್ದರೆ ನಿಲ್ಲಿಸಿ. ಸಂದು ಉಳಿದಿದೆ ಅಂತ ಬೋಲ್ಟ್ ಬಿಗಿದು ಎಳೆದರೆ ಗೇರ್‌ಬಾಕ್ಸ್ ಪಂಪ್ ಒಡೆಯುತ್ತದೆ. ಮ್ಯಾನ್ಯುಯಲ್ ಆದರೂ ಅದೇ ಮಾತು: ಇಂಜಿನ್ ಗೇರ್‌ಬಾಕ್ಸ್ ನೇರ ಕೂರಿಸುವ ಡೋವೆಲ್ ಪಿನ್ ಎರಡೂ ಇರಲಿ, ಸಂದು ಕೈಯಲ್ಲೇ ಮುಚ್ಚಬೇಕು, ಬೋಲ್ಟಿನ ಕೆಲಸ ಹಿಡಿಯುವುದಷ್ಟೇ.

ಮೊದಲ ಸ್ಟಾರ್ಟ್

ಇಂಜೆಕ್ಟರ್ ಮತ್ತು ಇಗ್ನಿಷನ್ ಕಪ್ಲರ್ ಬಿಚ್ಚಿಟ್ಟು, ಆಯಿಲ್ ದೀಪ ಆರುವವರೆಗೆ ಸ್ಟಾರ್ಟರ್ ಮಾತ್ರ ತಿರುಗಿಸಿ, ನಡುನಡುವೆ ಬಿಡುವು ಕೊಟ್ಟು. ಆಮೇಲೆ ಕಪ್ಲರ್ ಹಾಕಿ ಸ್ಟಾರ್ಟ್ ಮಾಡಿ. ಸ್ಟಾರ್ಟರ್ ಎಳೆದಾಡುತ್ತಿದ್ದರೆ ಬ್ಯಾಟರಿ ಬೈಯುವ ಮುಂಚೆ ಇಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ಪಟ್ಟಿ ನೋಡಿ. ಮರೆಯುವುದು ಅದನ್ನೇ. ಕೂಲಂಟ್‌ನ ಗಾಳಿ ತೆಗೆಯಿರಿ, ಹೀಟರ್ ಬಿಸಿ ಬರುವವರೆಗೆ ಗಾಡಿ ಬಿಟ್ಟು ಆಚೆ ಹೋಗಬೇಡಿ.

ಚೆಕ್ ಲೈಟ್ ಹತ್ತಿದರೆ ಅಳಿಸುವ ಮುಂಚೆ ಕೋಡ್ ಓದಿ ಬರೆದಿಡಿ. ಹಳೆ ಇಂಜಿನ್ ಕೂಡಲೇ ಗುಜರಿಗೆ ಹಾಕಬೇಡಿ. ಗಾಡಿ ದಿನವೂ ಓಡಾಡಿ ಲೈಟ್ ಹತ್ತದೆ ಇರುವವರೆಗೆ ಮೂಲೆಯಲ್ಲಿ ಇರಲಿ. ಯಾವುದಾದರೂ ಬ್ರಾಕೆಟ್ ಅಥವಾ ಸೆನ್ಸರ್‌ಗೆ ಅದರ ಹತ್ತಿರ ಹೋಗಲೇಬೇಕಾಗುತ್ತದೆ.