ಹಜಾರದ ಮೂಲೆಯ ಕತ್ತಲೆಯನ್ನು ನಾನು ಬೆನ್ನಟ್ಟಿದ್ದು

ಬೆಂಗಳೂರಿನ 30×40 ಅಡಿ ನಿವೇಶನದ ಮನೆಯೊಂದರ ಹಜಾರವನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೂಪಿಸಿ, ಬೆಳಕಿನ ಹಾದಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ಅದರ ಸೈಕಲ್ಸ್ ಎಂಜಿನ್‌ನಲ್ಲಿ ರೆಂಡರ್ ಮಾಡಿದಾಗ, ದಕ್ಷಿಣದ ಕಿಟಕಿಯ ಪಕ್ಕದ ಗೋಡೆ ಗಾರೆಯ ಗುರುತೂ ಉಳಿಯದಷ್ಟು ಬೆಳ್ಳಗೆ ಸುಟ್ಟುಹೋಗಿತ್ತು; ಅಲ್ಲಿಂದ ಹತ್ತೇ ಅಡಿ ಒಳಗಿದ್ದ ದೇವರ ಮನೆಯ ಬಾಗಿಲು ಕತ್ತಲಲ್ಲಿ ಕರಗಿತ್ತು. ಅವಸರದಲ್ಲಿ ನಾನು ಮೂಲೆಗೆ ಮೂರು ಏರಿಯಾ ಲೈಟ್‌ಗಳನ್ನು (ಹಲಗೆಯಂತೆ ಅಗಲವಾಗಿ ಬೆಳಗುವ ಕೃತಕ ದೀಪಗಳನ್ನು) ತೂಗುಹಾಕಿದೆ. ಕತ್ತಲೆ ಸರಿಯಿತು, ಆದರೆ ಸೋಫಾದ ಕಾಲುಗಳಿಗೆ ಮೂರು ದಿಕ್ಕಿನ ನೆರಳುಗಳು ಬಂದವು. ಮನೆಯ ಯಜಮಾನರು ಚಿತ್ರ ನೋಡಿ, "ನಮ್ಮ ಮನೆಗೆ ಎಷ್ಟು ಜನ ಸೂರ್ಯರು ಸಾರ್?" ಎಂದು ಕೇಳಿದರು.

ಸೇರಿಸಿದ ದೀಪಗಳನ್ನೆಲ್ಲ ಅಳಿಸಿ, ಸೂರ್ಯ ಮತ್ತು ಆಕಾಶವನ್ನಷ್ಟೇ ಉಳಿಸಿಕೊಂಡು, ಎಲ್ಲ ವಸ್ತುಗಳಿಗೂ ಒಂದೇ ಬೂದು ಬಣ್ಣ ಕೊಟ್ಟು ನೋಡಿದೆ. ಗೋಡೆಗೂ ತಾರಸಿಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿದ್ದು, ಅಲ್ಲಿಂದ ಬಿಸಿಲು ಗೆರೆಯಾಗಿ ಸೋರುತ್ತಿರುವುದು ಆಗಲೇ ಕಾಣಿಸಿತು. ಗೋಡೆಗಳಿಗೆ 9 ಅಂಗುಲ ದಪ್ಪ ಕೊಟ್ಟು, ತಾರಸಿಯನ್ನು ಅವುಗಳ ಮೇಲಕ್ಕೆ ಚಾಚಿದ ಮೇಲೆ ಸೋರಿಕೆ ನಿಂತಿತು.

ಕತ್ತಲೆಯ ಮೂಲ ಮಾತ್ರ ನನ್ನದೇ ಹಳೆಯ ಚಾಣಾಕ್ಷತನದಲ್ಲಿತ್ತು. ಕಿಟಕಿಯ ಬಳಿಯ ಸುಡುವಿಕೆಯನ್ನು ಅಡಗಿಸಲು ಗೋಡೆಯ ಬಿಳಿಯನ್ನು ನಾನು 0.5ಕ್ಕೆ, ಅಂದರೆ ಬಿದ್ದ ಬೆಳಕಿನ ಅರ್ಧವನ್ನಷ್ಟೇ ಹಿಂತಿರುಗಿಸುವ ಮಟ್ಟಕ್ಕೆ, ಇಳಿಸಿದ್ದೆ. ನಿಜವಾದ ಬಿಳಿ ಬಣ್ಣ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಭಾಗವನ್ನು ಹಿಂತಿರುಗಿಸುತ್ತದೆ. ಹಾಗೆ ನಾಲ್ಕು ಸಲ ಪುಟಿದ ಮೇಲೂ ನೂರರಲ್ಲಿ 41 ಭಾಗ ಉಳಿಯುತ್ತದೆ, ಆದರೆ 0.5ರ ಗೋಡೆಯಲ್ಲಿ ಉಳಿಯುವುದು ಬರೀ 6. ಕಿಟಕಿಯಿಂದ ನೇರವಾಗಿ ಕಾಣದ ಮೂಲೆ ಬದುಕುವುದೇ ಈ ಪುಟಿದ ಬೆಳಕಿನ ಮೇಲೆ. ಗೋಡೆಯನ್ನು 0.8ಕ್ಕೆ ಏರಿಸಿ, ಡಿಫ್ಯೂಸ್ ಬೌನ್ಸ್‌ಗಳನ್ನು (ಬೆಳಕು ಎಷ್ಟು ಸಲ ಪುಟಿಯಬಹುದೆಂಬ ಮಿತಿಯನ್ನು) ಸಾಮಾನ್ಯವಾಗಿ ಇರುವ 4ರಿಂದ 8ಕ್ಕೆ ಹೆಚ್ಚಿಸಿದಾಗ ಬಾಗಿಲಿನ ಕೆತ್ತನೆ ತಾನಾಗಿ ಕಾಣಿಸಿಕೊಂಡಿತು. ಸುಡುವಿಕೆಗೆ ಮದ್ದು ಬೇರೆಯೇ ಇತ್ತು: ಬಣ್ಣದ ಕಂಪನಿಯ ಶೇಡ್ ಕಾರ್ಡಿಗೆ ಸರಿಹೊಂದಲೆಂದು ಆರಿಸಿದ್ದ, ಅತಿ ಬೆಳಕನ್ನು ನೇರ ಬಿಳಿಯಾಗಿ ಕತ್ತರಿಸಿಬಿಡುವ ಸ್ಟ್ಯಾಂಡರ್ಡ್ ನೋಟವನ್ನು ಬಿಟ್ಟು, ಬ್ಲೆಂಡರ್ 4.0ರಿಂದ ತಾನಾಗಿಯೇ ಬರುವ, ಅತಿ ಬೆಳಕನ್ನು ಮೆಲ್ಲಗೆ ತಗ್ಗಿಸಿ ತೋರಿಸುವ ಎಜಿಎಕ್ಸ್ ನೋಟಕ್ಕೆ ಮರಳಿದೆ.

ಛಾವಣಿಯಲ್ಲಿ ಕಂಡ ಕೆಂಪು ಛಾಯೆ ರೆಡ್ ಆಕ್ಸೈಡ್ ನೆಲದಿಂದ ಬಂದದ್ದು. ಅದು ಸಹಜವೇ ಆದ್ದರಿಂದ ನೆಲದ ಬಣ್ಣದ ಗಾಢತೆಯನ್ನು ಸ್ವಲ್ಪ ಇಳಿಸಿ ಬಿಟ್ಟುಬಿಟ್ಟೆ. ಗೋಡೆಯ ಮೇಲಿನ ಕಲೆಗಳು ಪ್ರತಿ ಚುಕ್ಕೆಗೆ ಬರೀ 128 ಸ್ಯಾಂಪಲ್ (ಬೆಳಕಿನ ಪರೀಕ್ಷಾ ಕಿರಣ) ತೆಗೆದುಕೊಂಡು, ಉಳಿದ ತರಿತರಿಯನ್ನು ಒರೆಸುವ ಡಿನಾಯ್ಸರ್ ಓಡಿಸಿದ್ದರ ಫಲ. ಆಕಾಶದ ಬೆಳಕು ಎಲ್ಲಿಂದ ಬರುತ್ತದೆಂದು ಸೈಕಲ್ಸ್‌ಗೆ ತೋರಿಸುವ ಪೋರ್ಟಲ್ ಅನ್ನು ಕಿಟಕಿಗೆ ಇಟ್ಟು, ಸ್ಯಾಂಪಲ್‌ಗಳನ್ನು 1024ಕ್ಕೆ ಏರಿಸಿದಾಗ ಅವು ಹೋದವು.

ಕೊನೆಯದು ನೆರಳು. ಮೆತ್ತಗೆ ಕಾಣಲೆಂದು ಸೂರ್ಯನ ಕೋನವನ್ನು ನಾನು 10 ಡಿಗ್ರಿಗೆ ಹಿಗ್ಗಿಸಿದ್ದೆ. ಆಕಾಶದ ಸೂರ್ಯ ಇರುವುದು ಸುಮಾರು 0.53 ಡಿಗ್ರಿ ಅಗಲ. ಐದು ಅಡಿ ದೂರದಲ್ಲಿ ಅವನ ನೆರಳಿನ ಅಂಚು ಮಸುಕಾಗುವುದು ಅರ್ಧ ಅಂಗುಲದಷ್ಟೇ. ಅದನ್ನು ಸರಿಪಡಿಸಿದ ಮೇಲೆ, ಬಿಸಿಲು ದೇವರ ಮನೆಯವರೆಗೆ ಬರಲಿ ಎಂದು ಯಜಮಾನರು ಬಯಸಿದರು. 7 ಅಡಿ ಎತ್ತರದ ಲಿಂಟಲ್‌ಗೆ 2 ಅಡಿಯ ಸಜ್ಜಾ ಇರುವ ದಕ್ಷಿಣದ ಕಿಟಕಿಯಲ್ಲಿ, ಡಿಸೆಂಬರ್ ಕೊನೆಯ ನಡುಹಗಲಲ್ಲೂ ಬಿಸಿಲು ಎರಡೂವರೆ ಅಡಿಗಿಂತ ಒಳಬರುವುದಿಲ್ಲ; ಬೆಳಗಿನ ಒಂಬತ್ತಕ್ಕೆ ಓರೆಯಾಗಿ ನಾಲ್ಕು ಅಡಿಗೂ ಹೆಚ್ಚು ಬರುತ್ತದೆ. ಜೂನ್ ನಡುಹಗಲಲ್ಲಂತೂ ಸೂರ್ಯನೇ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ಲೆಕ್ಕ ತೋರಿಸಿದಾಗ ಅವರು ಒಂಬತ್ತು ಗಂಟೆಯ ಚಿತ್ರವನ್ನೇ ಒಪ್ಪಿದರು. ದೇವರ ಮನೆಯೊಳಗೆ 2700 ಕೆಲ್ವಿನ್‌ನ, ಅಂದರೆ ಬೆಚ್ಚನೆಯ ಹಳದಿ ಬೆಳಕಿನ, ಒಂದು ಬಲ್ಬು ಮಾತ್ರ ಉಳಿಸಿದೆ, ಏಕೆಂದರೆ ವಯರಿಂಗ್ ನಕ್ಷೆಯಲ್ಲಿ ಅದಕ್ಕೊಂದು ಪಾಯಿಂಟ್ ಇತ್ತು.