ಬುದ್ಧಿಹಲ್ಲು ಕಿತ್ತ ಮೇಲೆ ಉಳಿಯುವ ಜುಮ್ಮು: ರೂಟ್ ಕೆನಾಲ್ ಇಲ್ಲದೆ ಇಳಿಸಿದ ಬಗೆ

ಕೆಳದವಡೆಯಲ್ಲಿ ಅಡ್ಡ ಮಲಗಿದ್ದ ಬುದ್ಧಿಹಲ್ಲನ್ನು ತೆಗೆದ ಗಾಯ ಮಾಯ್ದ ಮೇಲೂ ಅದರ ಮುಂದಿನ ಹಲ್ಲು ತಣ್ಣೀರಿಗೆ ಜುಮ್ಮೆನ್ನುತ್ತದೆ ಎಂದು ತಿಂಗಳುಗಟ್ಟಲೆ ದೂರುವ ರೋಗಿಗಳು ದಂತವೈದ್ಯರಾದ ನಮ್ಮೆಲ್ಲರಿಗೂ ಸಿಗುತ್ತಾರೆ. ರೂಟ್ ಕೆನಾಲ್ ಮಾಡಿ ಮುಗಿಸಬಾರದೇ, ಹಲ್ಲಿನ ಮೇಲೆ ಫ್ಲೋರೈಡ್ ಲೇಪ, ಅಂದರೆ ವಾರ್ನಿಶ್, ಬಳಿದು ಕಾಯುವುದೇಕೆ ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಈಗ ನನ್ನಲ್ಲಿ ಹತ್ತರಲ್ಲಿ ಸುಮಾರು ಏಳು ಹಲ್ಲುಗಳು ಜೀವಂತವಾಗಿಯೇ ಉಳಿಯುತ್ತಿವೆ.

ಹಲ್ಲಿಗೆ ಮುಟ್ಟಿಸಿದ ತಣ್ಣನೆಯ ಹತ್ತಿಯುಂಡೆಯನ್ನು ತೆಗೆದ ಕೆಲವೇ ಸೆಕೆಂಡುಗಳಲ್ಲಿ ನೋವು ನಿಂತರೆ ಮಾತ್ರ ಈ ದಾರಿ ಹಿಡಿಯುತ್ತೇನೆ. ಅರ್ಧ ನಿಮಿಷ ಮೀರಿದರೆ, ಬಿಸಿಗೆ ಹೆಚ್ಚಾದರೆ ಅಥವಾ ರಾತ್ರಿ ತಾನಾಗಿ ಎಬ್ಬಿಸಿದರೆ ಹಲ್ಲಿನೊಳಗಿನ ನರ, ರಕ್ತನಾಳಗಳ ಮೃದು ಭಾಗವಾದ ಪಲ್ಪ್ ಕೆಟ್ಟಿದೆಯೆಂದೇ ಲೆಕ್ಕ. ತುಟಿ, ಗದ್ದ ಮರಗಟ್ಟಿದ್ದರೆ ಅದು ದವಡೆಯ ನರದ ಪ್ರಶ್ನೆ. ಮರಗಟ್ಟಿದ ಭಾಗದ ಅಂಚನ್ನು ಚರ್ಮದ ಮೇಲೆ ಗುರುತಿಸಿ ಫೋಟೊ ಇಟ್ಟುಕೊಳ್ಳುತ್ತೇನೆ, ಅಂಚು ಕುಗ್ಗದಿದ್ದರೆ ತಡಮಾಡದೆ ಸರ್ಜನ್ ಬಳಿ ಕಳುಹಿಸುತ್ತೇನೆ.

ಸೋತ ಪ್ರಯತ್ನಗಳಿಗೆ ಕೊರತೆಯಿಲ್ಲ. ಬುದ್ಧಿಹಲ್ಲು ಹೋದ ಬದಿಯಲ್ಲಿ ತೆರೆದುಕೊಂಡ ಬೇರಿನ ಮೇಲೆ ಗ್ಲಾಸ್ ಅಯಾನೊಮರ್ ಎಂಬ ಹಲ್ಲಿನ ಸಿಮೆಂಟ್ ಹಾಕಿದೆ. ಒಸಡಿನ ತೇವದಲ್ಲಿ ಅದು ನಿಲ್ಲಲಿಲ್ಲ, ನಿಂತ ಕಡೆ ಅಂಚಿನಲ್ಲಿ ಪಾಚಿ ಕಟ್ಟಿತು. ಜುಮ್ಮು ಇಳಿಸಲು ಹಚ್ಚಿದ ಗ್ಲುಟರಾಲ್ಡಿಹೈಡ್ ದ್ರವ ಒಸಡಿಗೆ ಹರಿದು ಅದನ್ನು ಬೆಳ್ಳಗೆ ಸುಟ್ಟಿತು. ಬಾಡಿಗೆಗೆ ತಂದ ಡಯೋಡ್ ಲೇಸರ್ ವಾರ್ನಿಶ್‌ಗಿಂತ ಹೆಚ್ಚೇನೂ ಮಾಡಲಿಲ್ಲ, ಬಾಡಿಗೆಯ ಹಣವೂ ಹುಟ್ಟಲಿಲ್ಲ.

ಗೆದ್ದದ್ದು ಬ್ರಷ್‌ನಿಂದ. ನೋವಿಗೆ ಹೆದರಿ ರೋಗಿ ಹಲ್ಲಿನ ಹಿಂಬದಿಯನ್ನು ಮುಟ್ಟುವುದೇ ಇಲ್ಲ. ಅಲ್ಲಿ ಪಾಚಿ ಕೂತಿರುವಷ್ಟು ದಿನ ಯಾವ ಔಷಧಿಯೂ ನಾಟದು. ಆದ್ದರಿಂದ ಒಂಟಿ ಕುಚ್ಚಿನ ಬ್ರಷ್ ಕೊಟ್ಟು, ಬಾಯಿಯನ್ನು ಪೂರ್ತಿ ತೆರೆಯದೆ ಅರ್ಧ ಮುಚ್ಚಿ, ಕೆನ್ನೆ ಸಡಿಲವಾದಾಗ ಕುಚ್ಚನ್ನು ಹಿಂದಿನಿಂದ ಮುಂದಕ್ಕೆ ಎಳೆಯುವುದನ್ನು ಕನ್ನಡಿಯ ಮುಂದೆ ಕಲಿಸುತ್ತೇನೆ. ಶೇಕಡ 5ರ ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟ್‌ನಿಂದ ಉಜ್ಜಿ, ಉಗುಳಿ, ಬಾಯಿ ಮುಕ್ಕಳಿಸದೆ ಬಿಡಬೇಕು. ಇದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ಕೈಬಿಡುವವರು ಮೊದಲ ವಾರದಲ್ಲೇ ಬಿಡುತ್ತಾರೆ. ಜೊತೆಗೆ ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಶೇಕಡ 5ರ ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚುತ್ತೇನೆ. ಆ ಮೂಲೆಯನ್ನು ಒಂದು ನಿಮಿಷ ಒಣಗಿಸಿಡುವ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೆಲವರಿಗೆ ಅರ್ಜಿನೈನ್ ಎಂಬ ಅಮೈನೊ ಆಮ್ಲವಿರುವ ಪೇಸ್ಟನ್ನು ಕುರ್ಚಿಯಲ್ಲೇ ಉಜ್ಜಿ ನೋಡಿದೆ. ನಿರಾಳ ಬೇಗ ಸಿಕ್ಕಿತು, ತಿಂಗಳ ಬಳಿಕ ಅದಕ್ಕೂ ಮೇಲಿನ ವಿಧಾನಕ್ಕೂ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಸಾಮಗ್ರಿ ಸೇರಿ ಒಂದು ರೂಟ್ ಕೆನಾಲ್ ಮತ್ತು ಕ್ಯಾಪ್‌ನ ವೆಚ್ಚದ ಹತ್ತರಲ್ಲೊಂದು ಪಾಲೂ ಆಗದು.

ಆರು ತಿಂಗಳಾದರೂ ಆಳ ಅಳೆಯುವ ಕಡ್ಡಿಯಾದ ಪ್ರೋಬ್ ಒಸಡಿನೊಳಗೆ ಐದಾರು ಮಿಲಿಮೀಟರ್ ಇಳಿಯುವ ಹಲ್ಲುಗಳಲ್ಲಿ ಈ ವಿಧಾನ ಸೋತಿದೆ. ಅಲ್ಲಿ ಮೊದಲು ಒಸಡಿನಡಿಯ ಬೇರನ್ನು ಕೆರೆದು ನುಣುಪಾಗಿಸುವ ರೂಟ್ ಪ್ಲೇನಿಂಗ್ ಆಗಬೇಕು. ಅದಾದ ವಾರ ಜುಮ್ಮು ಇನ್ನೂ ಏರಬಹುದೆಂದು ರೋಗಿಗೆ ಮುಂಚೆಯೇ ಹೇಳಿಬಿಡುತ್ತೇನೆ.